ಮೇಲೆ ರೇಷ್ಮೆ, ಕೆಳಗೆ ಮದ್ದಿನ ಉಪ್ಪು: ಶಿರಕಾವಗೋ ಹಳ್ಳಿ ಬದುಕಿದ ಬಗೆ

ಪ್ರಶ್ನೆ: ಮಗ ಜಪಾನಿನ ನಗೋಯಾದಲ್ಲಿ ಕೆಲಸದಲ್ಲಿದ್ದಾನೆ. ಬರುವ ಚಳಿಗಾಲದಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಶಿರಕಾವಗೋ ಎಂಬ ಬೆಟ್ಟದ ಹಳ್ಳಿಯ ಫೋಟೊ ಕಳಿಸಿದ್ದ. ಆಳೆತ್ತರ ಹಿಮ, ಅದರ ನಡುವೆ ಹುಲ್ಲು ಹೊದಿಸಿದ ಭಾರಿ ಮನೆಗಳು. ಗದ್ದೆ ಮಾಡಲೂ ಜಾಗವಿಲ್ಲದ ಕಣಿವೆಯಲ್ಲಿ ಜನ ಯಾಕೆ ಇದ್ದರು? ಏನು ತಿಂದರು? ಬಡವರ ಊರಾಗಿದ್ದರೆ ನಾಲ್ಕೈದು ಅಂತಸ್ತಿನ ಮನೆ ಹೇಗೆ ಕಟ್ಟಿದರು? ಈಗ ಅಲ್ಲಿ ನಿಜವಾಗಿ ಸಂಸಾರಗಳಿವೆಯಾ, ಇಲ್ಲಾ ಸುಮ್ನೆ ಪ್ರವಾಸಿಗರಿಗೆ ಇಟ್ಟಿರುವ ಪ್ರದರ್ಶನವಾ? (ಸಾಗರದ ಓದುಗರೊಬ್ಬರು)

ಉತ್ತರ: ನಿಮ್ಮ ಮೂರನೇ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಅದು ಬಿಡಿಸಿಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಆ ಮನೆಗಳನ್ನು ಅಷ್ಟು ಎತ್ತರ ಕಟ್ಟಿದ್ದು ಮನುಷ್ಯರಿಗೋಸ್ಕರ ಅಲ್ಲ. ಮನೆಮಂದಿಯ ಊಟ, ನಿದ್ದೆ, ಪೂಜೆ ಎಲ್ಲ ಹೆಚ್ಚಾಗಿ ನೆಲದ ಅಂತಸ್ತಿನಲ್ಲೇ. ಮೇಲಿನ ಎರಡು, ಮೂರು, ನಾಲ್ಕನೇ ಅಟ್ಟಗಳು ರೇಷ್ಮೆ ಹುಳುಗಳಿಗೆ. ಇನ್ನು ನೆಲದ ಹಲಗೆ ಎತ್ತಿದರೆ ಅದರಡಿಯಲ್ಲಿ ಒಂದು ಗುಂಡಿ. ಆ ಗುಂಡಿಯಲ್ಲಿ ಕೋವಿ ಮದ್ದಿಗೆ ಬೇಕಾದ ಪೆಟ್ಲುಪ್ಪು ತಯಾರಾಗುತ್ತಿತ್ತು. ಫೋಟೊದಲ್ಲಿ ನೀವು ನೋಡಿದ್ದು ಕಾರ್ಖಾನೆ. ಅದರ ನಡುವಿನ ಅಂತಸ್ತಿನಲ್ಲಿ ಒಂದು ಸಂಸಾರ ಇರುತ್ತಿತ್ತು, ಅಷ್ಟೇ. ಮೂಲೆಯ ಬಡ ಹಳ್ಳಿ, ಹೊರಗಿನ ಲೋಕದ ಗಾಳಿ ಸೋಕದೆ ನೂರಾರು ವರ್ಷ ಹಾಗೇ ಉಳಿದುಕೊಂಡಿತು ಅಂತ ಪ್ರವಾಸಿ ಕರಪತ್ರಗಳು ಹೇಳುತ್ತವೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಈ ಊರು ಬದುಕಿದ್ದೇ ಹೊರಗಿನವರ ಯುದ್ಧ ಮತ್ತು ಹೊರಗಿನವರ ಸೀರೆ-ಲಂಗದ ಮೇಲೆ.

ಮೊದಲು ಜಾಗ ಎಲ್ಲಿದೆ ಅಂತ ನೋಡೋಣ. ಜಪಾನಿನ ದೊಡ್ಡ ದ್ವೀಪದ ನಟ್ಟ ನಡುವೆ ಗಿಫು ಪ್ರಾಂತ್ಯ. ಅದರ ವಾಯವ್ಯ ಮೂಲೆಯಲ್ಲಿ 2,702 ಮೀಟರ್ ಎತ್ತರದ ಹಕುಸನ್ ಪರ್ವತ. ಅದರ ಪಕ್ಕದ ಕಣಿವೆಯಲ್ಲಿ ಶೋ ಎಂಬ ನದಿ ಉತ್ತರಕ್ಕೆ ಹರಿದು ಜಪಾನ್ ಸಮುದ್ರ ಸೇರುತ್ತದೆ. ನದಿಯ ಮೇಲ್ಭಾಗದ ಹಳ್ಳಿಗಳು ಶಿರಕಾವಗೋ. ಕೆಳಭಾಗದವು ಗೊಕಯಾಮ, ಅದು ತೊಯಾಮಾ ಪ್ರಾಂತ್ಯಕ್ಕೆ ಸೇರಿದ್ದು. ನಿಮ್ಮ ಮಗ ಕಳಿಸಿದ ಫೋಟೊ ಬಹುಶಃ ಓಗಿಮಾಚಿ ಊರಿನದು. ಶಿರಕಾವಗೋದ ದೊಡ್ಡ ಊರು ಅದು. ಓಗಿಮಾಚಿ ಸೇರಿದ ಇಡೀ ಶಿರಕಾವಾ ಗ್ರಾಮದ ನೆಲದಲ್ಲಿ ನೂರಕ್ಕೆ 95 ಪಾಲು ಕಾಡು. ಬಟ್ಟಲು ಬಟ್ಟಲಾಗಿ ನದಿ ದಂಡೆಯಲ್ಲಿ ಸಿಕ್ಕಷ್ಟೇ ಸಮತಟ್ಟು ಜಾಗ. ಚಳಿಗಾಲದಲ್ಲಿ ಸೈಬೀರಿಯಾದಿಂದ ಬರುವ ಒಣ ಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಕುಡಿದು, ಈ ಬೆಟ್ಟಗಳಿಗೆ ಬಡಿದು ಹಿಮವಾಗಿ ಸುರಿಯುತ್ತದೆ. ಎರಡು ಮೀಟರ್ ಹಿಮ ಅಲ್ಲಿಯವರಿಗೆ ಸುದ್ದಿಯೇ ಅಲ್ಲ.

ಇಂಥ ಜಾಗಕ್ಕೆ ಜನ ಬಂದದ್ದು ಯಾಕೆ? ಸೋತು ಓಡಿ ಬಂದವರು ಅಂತ ಐತಿಹ್ಯ. 1183ರಲ್ಲಿ ಇಲ್ಲಿಂದ ಹೆಚ್ಚು ದೂರವಿಲ್ಲದ ಕುರಿಕರಾ ಕಣಿವೆಯಲ್ಲಿ ಹೈಕೆ ವಂಶದ ಸೈನ್ಯ ಸೋತಿತು. ಉಳಿದವರು ಬೆಟ್ಟ ಹತ್ತಿ ತಲೆ ಮರೆಸಿಕೊಂಡರು ಎಂದು ಗೊಕಯಾಮದವರು ಹೇಳಿಕೊಳ್ಳುತ್ತಾರೆ. ಜಪಾನಿನ ಬೆಟ್ಟದ ಹಳ್ಳಿಗಳಲ್ಲಿ ಈ ಕಥೆ ಎಲ್ಲೆಲ್ಲೂ ಸಿಗುತ್ತದೆ, ಹಾಗಾಗಿ ನಾನು ಅದಕ್ಕೆ ಜಾಸ್ತಿ ತೂಕ ಕೊಡುವುದಿಲ್ಲ. ಗಟ್ಟಿಯಾಗಿ ಹೇಳಬಹುದಾದ್ದು ಎರಡು. 13ನೇ ಶತಮಾನದಿಂದ ಜೋಡೊ ಶಿನ್ ಎಂಬ ಬೌದ್ಧ ಪಂಥ ಈ ಕಣಿವೆಯಲ್ಲಿ ಬೇರು ಬಿಟ್ಟಿತು. ಅಮಿದ ಬುದ್ಧನ ನಾಮಸ್ಮರಣೆ ಸಾಕು ಎನ್ನುವ, ಸಾಮಾನ್ಯ ಜನರ ಪಂಥ ಅದು. ಇನ್ನೊಂದು, ಇಲ್ಲಿ ಚಿನ್ನದ ಗಣಿಗಳಿದ್ದವು. ಉಚಿಗಶಿಮ ಎಂಬ ಮನೆತನ ಇಲ್ಲಿ ಕೋಟೆ ಕಟ್ಟಿ ಆಳುತ್ತಿತ್ತು. 1586ರ ಜನವರಿಯ ಒಂದು ರಾತ್ರಿ ದೊಡ್ಡ ಭೂಕಂಪವಾಗಿ ಎದುರಿನ ಗುಡ್ಡ ಜರಿಯಿತು. ಕಯೆರಿಕುಮೊ ಎಂಬ ಅವರ ಕೋಟೆ, ಅದರ ಕೆಳಗಿನ ಪೇಟೆ, ಆಳುವ ಮನೆತನ ಎಲ್ಲ ಮಣ್ಣಿನಡಿ ಹೋಯಿತು. ಕೋಟೆ ಎಲ್ಲಿತ್ತು ಎಂಬುದಕ್ಕೆ ಇವತ್ತಿಗೂ ಖಚಿತ ಗುರುತಿಲ್ಲ. ಹೂತ ಚಿನ್ನಕ್ಕಾಗಿ ಹುಡುಕುವವರಿಗೇನೂ ಬರವಿಲ್ಲ.

ಊಟದ ವಿಷಯ. ಈಗ ಹೋದರೆ ಮನೆಗಳ ನಡುವೆ ಅಚ್ಚುಕಟ್ಟಾದ ಗದ್ದೆ ಕಾಣುತ್ತವೆ. ಅವನ್ನು ನೋಡಿ ಮೊದಲಿನಿಂದ ಅನ್ನ ಉಂಡ ಊರು ಅಂದುಕೊಳ್ಳಬೇಡಿ. ಹಿಂದೆ ಹಿಪ್ಪುನೇರಳೆ ತೋಟ ಮತ್ತು ಕುಮರಿ ಬೇಸಾಯವೇ ಜಾಸ್ತಿ. ಇಳಿಜಾರಿನ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಊದಲು, ನವಣೆ, ಬಕ್‌ವೀಟ್, ಅವರೆ ಜಾತಿಯ ಕಾಳು ಬೆಳೆದು, ಕೆಲವು ವರ್ಷ ಬಿಟ್ಟು ಬೇರೆ ಇಳಿಜಾರಿಗೆ ಹೋಗುವುದು. ಕಾಡಿನಲ್ಲಿ ತೋಚಿ ಎಂಬ ಮರದ ಕಾಯಿ ಸಿಗುತ್ತದೆ. ಹಾಗೇ ತಿಂದರೆ ವಿಪರೀತ ಕಹಿ. ಅದನ್ನು ದಿನಗಟ್ಟಲೆ ನೀರಲ್ಲಿ ನೆನೆಹಾಕಿ, ಬೂದಿ ನೀರಿನಲ್ಲಿ ಕಹಿ ತೆಗೆದು, ಅಂಟಕ್ಕಿಯ ಜೊತೆ ಕುಟ್ಟಿ ಮೋಚಿ ಎಂಬ ಅಂಟಂಟು ಉಂಡೆ ಮಾಡುತ್ತಾರೆ. ಸೋಯಾ ಕಾಳಿನ ತೋಫು ಇಲ್ಲಿ ಎಷ್ಟು ಗಟ್ಟಿ ಎಂದರೆ ಹುಲ್ಲಿನ ಹಗ್ಗದಲ್ಲಿ ಕಟ್ಟಿ ಕೈಯಲ್ಲಿ ತೂಗಿಸಿಕೊಂಡು ಹೋಗಬಹುದು. ಚಳಿಗಾಲದಲ್ಲಿ ಪಂಥದ ಗುರು ಶಿನ್ರಾನ್ ನೆನಪಿಗೆ ಹೋಂಕೊ ಎಂಬ ಆಚರಣೆ. ಮನೆ ಮನೆಯಲ್ಲೂ ಸರದಿ ಪ್ರಕಾರ ಪ್ರಾರ್ಥನೆ, ನಂತರ ಕೆಂಪು ಅರಗಿನ ಬಟ್ಟಲುಗಳಲ್ಲಿ ಊಟ. ಬೆಟ್ಟದ ಸೊಪ್ಪು, ಕಳಲೆ, ಅಣಬೆ, ತೋಫು. ಮೀನು ಮಾಂಸ ಇಲ್ಲ. ನೀವು ಸಸ್ಯಾಹಾರಿಗಳಾದರೆ ಈ ಊಟದ ಬಗ್ಗೆ ಮೊದಲೇ ವಿಚಾರಿಸಿಡಿ. ಗೊಕಯಾಮದಲ್ಲಿ ಇದೇ ರೀತಿಯ ಊಟ ಬಡಿಸುವವರಿದ್ದಾರೆ. ಆದರೆ ಸಾರಿನ ನೀರು ಮೀನಿನದಲ್ಲ ತಾನೇ ಅಂತ ಕೇಳಿಕೊಳ್ಳುವುದು ಒಳ್ಳೇದು.

ಇಷ್ಟರಲ್ಲಿ ಹೊಟ್ಟೆ ತುಂಬಿತು, ಆದರೆ ಕಂದಾಯ ಕಟ್ಟೋದು ಹೇಗೆ? ಅಕ್ಕಿಯೇ ಹಣವಾಗಿದ್ದ ಕಾಲ. ಅಕ್ಕಿ ಇಲ್ಲದ ಊರು ಬೇರೇನಾದರೂ ಕೊಡಲೇಬೇಕು. ಪೆಟ್ಲುಪ್ಪಿನ ಕಥೆ ಬರುವುದು ಇಲ್ಲಿ.

1543ರಲ್ಲಿ ಪೋರ್ಚುಗೀಸರಿಂದ ಜಪಾನಿಗೆ ಕೋವಿ ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಮ್ಮಾರರೇ ಕೋವಿ ಮಾಡತೊಡಗಿದರು. ಗಂಧಕ ಜ್ವಾಲಾಮುಖಿ ದೇಶದಲ್ಲಿ ಬೇಕಾದಷ್ಟು, ಇದ್ದಲಿಗೂ ಕೊರತೆಯಿಲ್ಲ. ಸಿಗದೇ ಇದ್ದದ್ದು ಪೆಟ್ಲುಪ್ಪು ಒಂದೇ. ನಮ್ಮ ಬಿಹಾರದ ಕಡೆ ಬೇಸಿಗೆ ಬಂದಾಗ ಹಳ್ಳಿ ಮಣ್ಣಿನ ಮೇಲೆ ಈ ಉಪ್ಪು ಬಿಳಿಯಾಗಿ ಮೂಡುತ್ತದೆ. ಡಚ್ಚರು, ಇಂಗ್ಲಿಷರು ಅದನ್ನು ಹಡಗು ಹಡಗು ಒಯ್ದರು. ಜಪಾನಿನಲ್ಲಿ ಮಳೆ, ಹಿಮ ಜಾಸ್ತಿ. ಈ ಉಪ್ಪು ನೀರಿಗೆ ಕರಗುವಂಥದ್ದು, ಬಯಲಿನಲ್ಲಿ ನಿಲ್ಲುವುದೇ ಇಲ್ಲ. ನಿಂತರೆ ಮನೆಯ ನೆಲದಡಿ, ಮಳೆ ತಾಗದ ಮಣ್ಣಿನಲ್ಲಿ ಮಾತ್ರ. ಬೇರೆ ಕಡೆ ಹಳೇ ಮನೆಗಳ ಅಡಿಮಣ್ಣು ಕೆರೆದು ಸ್ವಲ್ಪ ಸ್ವಲ್ಪ ತೆಗೆಯುತ್ತಿದ್ದರು. ಆದರೆ ಹಾಗೆ ಒಮ್ಮೆ ಕೆರೆದರೆ ಮತ್ತೆ ದಶಕಗಟ್ಟಲೆ ಕಾಯಬೇಕು. ಈ ಕಣಿವೆಯವರು ಕಾಯುತ್ತ ಕೂರಲಿಲ್ಲ, ನೆಲದಡಿಯಲ್ಲೇ ಅದನ್ನು ಬೆಳೆಸಿದರು.

ಬೆಳೆಸಿದ ರೀತಿ ಹೀಗೆ. ಮನೆಯ ನಡುವೆ ನೆಲಕ್ಕೆ ತೋಡಿದ ಚೌಕದ ಒಲೆ ಇರುತ್ತದೆ, ಇರೊರಿ ಅಂತ. ಅದರ ಪಕ್ಕದ ಹಲಗೆಯಡಿ ಆಳು ಮುಳುಗುವಷ್ಟು ಆಳದ ಗುಂಡಿ. ಅದರಲ್ಲಿ ಒಂದು ಪದರ ಹೊಲದ ಒಣಮಣ್ಣು, ಅದರ ಮೇಲೆ ರೇಷ್ಮೆ ಹುಳುವಿನ ಹಿಕ್ಕೆ, ಮೇಲೊಂದು ಪದರ ಮಾಚಿಪತ್ರೆ ಜಾತಿಯ ಗಿಡ, ಬಕ್‌ವೀಟ್ ಕಡ್ಡಿ, ಸೆಣಬಿನ ಸೊಪ್ಪು. ಮತ್ತೆ ಮಣ್ಣು. ಹೀಗೆ ಬಾಯಿಯವರೆಗೆ. ವರ್ಷಕ್ಕೆ ಕೆಲವು ಸಲ ಬಗೆದು, ತಿರುವಿ, ಹೊಸ ಹಿಕ್ಕೆ ಹಾಕುವುದು. ಒಲೆಯ ಕಾವು ಚಳಿಗಾಲದಲ್ಲೂ ಗುಂಡಿಯನ್ನು ಬೆಚ್ಚಗಿಡುತ್ತದೆ. ಹಿಕ್ಕೆಯ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನಕ್ಕೆ ನೈಟ್ರೇಟ್ ಮಾಡುತ್ತವೆ. ನಾಲ್ಕೈದು ವರ್ಷದ ಮೇಲೆ ಮಣ್ಣು ಹಣ್ಣಾಗುತ್ತದೆ. ಆಮೇಲೆ ಅದೇ ಮಣ್ಣನ್ನು ಮತ್ತೆ ಮತ್ತೆ ಬಳಸಬಹುದು.

ಹಣ್ಣಾದ ಮಣ್ಣನ್ನು ತೊಟ್ಟಿಗೆ ತುಂಬಿ ನೀರು ಹೊಯ್ಯುತ್ತಾರೆ. ಕೆಳಗಿನಿಂದ ಸೋರಿದ ನೀರನ್ನು ಕುದಿಸಿ ಮರದ ಬೂದಿ ಸೇರಿಸುತ್ತಾರೆ. ಬೂದಿಯಲ್ಲಿ ಪೊಟ್ಯಾಸಿಯಂ ಇದೆ. ಸುಣ್ಣದ ಅಂಶ ಅಡಿಗೆ ಕೂರುತ್ತದೆ, ಪೊಟ್ಯಾಸಿಯಂ ನೈಟ್ರೇಟ್ ನೀರಿನಲ್ಲಿ ಉಳಿಯುತ್ತದೆ. ಸೋಸಿ, ಬತ್ತಿಸಿ, ಹೊರಗಿಟ್ಟರೆ ಆಯಿತು. ಬಿಸಿನೀರಿನಲ್ಲಿ ತುಂಬಾ ಕರಗುವ ಈ ಉಪ್ಪು ತಣ್ಣೀರಿನಲ್ಲಿ ಕರಗುವುದು ತೀರಾ ಕಡಿಮೆ. ಹಾಗಾಗಿ ಆ ಕೊರೆಯುವ ಚಳಿಯೇ ಇವರಿಗೆ ಕೂಲಿ ಕೇಳದ ಆಳು: ರಾತ್ರಿ ಕಳೆಯುವುದರಲ್ಲಿ ಸೂಜಿಯಂಥ ಹರಳು ಕಟ್ಟಿರುತ್ತದೆ. ಶಾಲೆಗೆ ಹೋಗದ ರೈತರು, ಸೂಕ್ಷ್ಮಜೀವಿ ಎಂಬ ಮಾತೇ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಕಂಡುಕೊಂಡಿದ್ದರು. ಇಡೀ ಕಣಿವೆಯಲ್ಲಿ ನನಗೆ ಅತಿ ದೊಡ್ಡ ವಿಸ್ಮಯ ಹುಲ್ಲಿನ ಸೂರಲ್ಲ, ಈ ಗುಂಡಿ.

1570ರಿಂದ 1580ರವರೆಗೆ ಓಡ ನೊಬುನಾಗ ಎಂಬ ಸೇನಾಧಿಪತಿ ಜೋಡೊ ಶಿನ್ ಪಂಥದ ಒಸಾಕಾ ಮಠದ ಮೇಲೆ ಯುದ್ಧ ಹೂಡಿದ್ದ. ಮಠದ ಕೋವಿಗಳಿಗೆ ಮದ್ದಿನ ಉಪ್ಪು ಹೋದದ್ದು ಭಕ್ತರಿದ್ದ ಈ ಕಣಿವೆಯಿಂದ ಎಂದು ಇಲ್ಲಿಯವರು ಹೇಳುತ್ತಾರೆ. ಮುಂದೆ ಗೊಕಯಾಮ ಕನಜಾವದ ಮಯೆದಾ ದೊರೆಗಳ ಕೈ ಸೇರಿತು. ಅವರದು ಕಗಾ ಸಂಸ್ಥಾನ, ಇಡೀ ದೇಶದ ಮೇಲೆ ಅಧಿಕಾರ ನಡೆಸುತ್ತಿದ್ದ ಸೇನಾನಾಯಕ ಶೋಗನ್ ಬಿಟ್ಟರೆ ದೇಶದಲ್ಲೇ ಶ್ರೀಮಂತರು. ಪೆಟ್ಲುಪ್ಪನ್ನು ಅವರು ಕಂದಾಯವಾಗಿ ಪಡೆದರು, ದುಡ್ಡು ಕೊಟ್ಟೂ ಕೊಂಡರು. ಬೇರೆಯವರ ಕಣ್ಣು ಬೀಳದ ಕಣಿವೆ ಅವರಿಗೆ ಅನುಕೂಲವೇ ಆಯಿತು. ಶಿರಕಾವಗೋ ಇದ್ದ ಹಿದಾ ಸೀಮೆ 1692ರಲ್ಲಿ ಶೋಗನ್‌ನ ನೇರ ಆಡಳಿತಕ್ಕೆ ಹೋಯಿತು. ಒಂದೇ ನದಿ, ಒಂದೇ ತರದ ಮನೆ, ನೆಲದಡಿ ಒಂದೇ ಗುಂಡಿ. ಮೇಲಿನ ಊರಿಗೆ ಶೋಗನ್ ಒಡೆಯ, ಕೆಳಗಿನ ಊರಿಗೆ ಶೋಗನ್ ಒಳಗೊಳಗೇ ಶಂಕಿಸುತ್ತಿದ್ದ ದೊರೆ.

ಗೊಕಯಾಮಕ್ಕೆ ಇನ್ನೊಂದು ಕೆಲಸವೂ ಇತ್ತು. ಕಗಾದ ದೊರೆಗಳು ತಪ್ಪು ಮಾಡಿದ ಸಮುರಾಯ್‌ಗಳನ್ನು ಇಲ್ಲಿಗೆ ಗಡೀಪಾರು ಮಾಡುತ್ತಿದ್ದರು. ಓಡಿಹೋಗಬಾರದೆಂದು ಶೋ ನದಿಗೆ ಸೇತುವೆ ಕಟ್ಟಲು ಬಿಡಲಿಲ್ಲ. ದಡದಿಂದ ದಡಕ್ಕೆ ಹಗ್ಗ ಬಿಗಿದು ಅದಕ್ಕೆ ಬುಟ್ಟಿ ನೇತುಹಾಕಿ, ಅದರಲ್ಲಿ ಕೂತು ದಾಟಬೇಕು. ಕೈದಿಗಳಿಗಾಗಿ ಮಾಡಿದ ಕಟ್ಟಳೆ, ಅನುಭವಿಸಿದವರು ಊರಿನವರು!

ಈಗ ಮೇಲಿನ ಅಟ್ಟಕ್ಕೆ ಹತ್ತೋಣ. 1859ರಲ್ಲಿ ಯೊಕೊಹಾಮಾ ಬಂದರು ಹೊರದೇಶದವರಿಗೆ ತೆರೆಯಿತು. ಅದೇ ಹೊತ್ತಿಗೆ ಫ್ರಾನ್ಸ್, ಇಟಲಿಯಲ್ಲಿ ರೇಷ್ಮೆ ಹುಳುವಿಗೆ ರೋಗ ಬಿದ್ದಿತ್ತು. ಜಪಾನಿನ ಕಚ್ಚಾ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ಅಲ್ಲಿಂದ 1930ರ ದಶಕದವರೆಗೂ ಆ ದೇಶದ ರಫ್ತಿನಲ್ಲಿ ರೇಷ್ಮೆಯೇ ಮುಂದು. ಹುಳು ಸಾಕಣೆಗೆ ಬೇಕಾದ್ದು ಜಾಗ, ಗಾಳಿ, ಹದವಾದ ಕಾವು. ಬೆಟ್ಟದಲ್ಲಿ ಅಡ್ಡಕ್ಕೆ ಜಾಗವಿಲ್ಲ, ಹಾಗಾಗಿ ಮನೆ ಮೇಲಕ್ಕೆ ಬೆಳೆಯಿತು. ಸೂರು ಕಡಿದಾಗಿದ್ದರೆ ಒಳಗೆ ಎರಡು ಮೂರು ಅಟ್ಟ ಹಾಕಬಹುದು. ಎರಡು ತುದಿಯ ತ್ರಿಕೋನ ಗೋಡೆಗೆ ಕಾಗದದ ಕಿಟಕಿ ಇಟ್ಟರೆ ಬೆಳಕೂ ಬಂತು, ಗಾಳಿಯೂ ಹಾಯ್ತು. ಅಟ್ಟದ ನೆಲ ಒತ್ತಾಗಿ ಜೋಡಿಸಿದ ಹಲಗೆಯಲ್ಲ, ಸಂದು ಬಿಟ್ಟ ಬಿದಿರು. ಕೆಳಗಿನ ಒಲೆಯ ಕಾವು, ಹೊಗೆ ಅದರೊಳಗಿಂದ ಏರಿ ತುದಿಯವರೆಗೆ ಹೋಗುತ್ತದೆ.

ಶಿಡ್ಲಘಟ್ಟ, ರಾಮನಗರದ ಕಡೆಯವರಿಗೆ ಈ ಅಟ್ಟ ತೋರಿಸಿದರೆ ವಿವರಣೆಯೇ ಬೇಡ. ಹುಳು ಜ್ವರಕ್ಕೆ (ಅಂದರೆ ಪೊರೆ ಕಳಚಲು) ಹೋದಾಗ ಸೊಪ್ಪು ನಿಲ್ಲಿಸುವುದು, ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕುವುದು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಬಿಡುವುದು, ಕೆಲಸ ಎಲ್ಲ ಅದೇ. ನಮ್ಮ ರೇಷ್ಮೆಗೂ ಜಪಾನಿಗೂ ನಂಟು ಹಳೇದು. 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಜಪಾನಿನಿಂದಲೇ ಬಲ್ಲವರನ್ನು ಕರೆಸಿದ್ದರು. 1990ರ ದಶಕದಲ್ಲಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳುವಿನ) ರೇಷ್ಮೆ ಇಲ್ಲಿ ಹಬ್ಬಿದ್ದರ ಹಿಂದೆಯೂ ಜಪಾನ್ ಸರ್ಕಾರದ ನೆರವಿನ ಯೋಜನೆ ಇತ್ತು. ಆದರೆ ಅಲ್ಲಿಯ ಹುಳುವಿನ ಕೆಲಸದ ಇನ್ನೊಂದು ಮುಖ ಅಷ್ಟು ಸೊಗಸಲ್ಲ. ಹಿದಾ ಸೀಮೆಯ ಹಳ್ಳಿಗಳಿಂದ ಹನ್ನೆರಡು ಹದಿಮೂರು ವರ್ಷದ ಹುಡುಗಿಯರು 1,672 ಮೀಟರ್ ಎತ್ತರದ ನೊಮುಗಿ ದಾರಿಯನ್ನು ಹಿಮದಲ್ಲಿ ನಡೆದು ದಾಟಿ ಸುವಾ ಎಂಬ ಸೀಮೆಯ ನೂಲು ಬಿಚ್ಚುವ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಸಾಲ ತೀರಿಸಲು ಹೋದವರೇ ಹೆಚ್ಚು. ಕಾಯಿಲೆ ಬಿದ್ದು ವಾಪಸಾದವರೂ ಕಡಿಮೆಯಿಲ್ಲ.

ಹುಳು, ಕುಮರಿ, ಗುಂಡಿ, ಇಷ್ಟಕ್ಕೂ ಕೈ ಬೇಕು. ಆದರೆ ಇರುವ ಹಿಡಿ ಜಮೀನನ್ನು ಪಾಲು ಮಾಡುವಂತಿಲ್ಲ. ಶಿರಕಾವಗೋದ ನಡುಭಾಗದ ಹಳ್ಳಿಗಳು ಇದಕ್ಕೆ ವಿಚಿತ್ರ ದಾರಿ ಹಿಡಿದವು. ಹಿರಿಮಗ ಮಾತ್ರ ಮದುವೆಯಾಗಿ ಹೆಂಡತಿಯನ್ನು ಮನೆಗೆ ತರುತ್ತಿದ್ದ. ತಮ್ಮಂದಿರು, ತಂಗಿಯರು ಹುಟ್ಟಿದ ಮನೆಯಲ್ಲೇ ಉಳಿಯುತ್ತಿದ್ದರು. ತಮ್ಮ ರಾತ್ರಿ ತನ್ನ ಸಂಗಾತಿಯ ಮನೆಗೆ ಹೋಗಿ ಬೆಳಗ್ಗೆ ವಾಪಸು ಬಂದು ತನ್ನ ಮನೆಯ ಕೆಲಸ ಮಾಡುತ್ತಿದ್ದ. ಮಕ್ಕಳು ತಾಯಿಯ ಮನೆಯಲ್ಲಿ ಬೆಳೆಯುತ್ತಿದ್ದರು. ಹೀಗೆ ಒಂದೇ ಸೂರಿನಡಿ 30, 40 ಜನ. ಮಿಬೊರೊ ಊರಿನ ತೋಯಾಮಾ ಮನೆಯಲ್ಲಿ ಒಂದು ಕಾಲಕ್ಕೆ 40 ದಾಟಿತ್ತು. ಈ ಮನೆ ಈಗ ವಸ್ತುಸಂಗ್ರಹಾಲಯ, ಹೋದರೆ ನೋಡಿ. ಇದನ್ನು ಕೆಲವರು ‘ಕೂಡುಕುಟುಂಬದ ಸೊಬಗು’ ಅಂತ ಹೊಗಳುತ್ತಾರೆ. ತಮ್ಮ ತಂಗಿಯರ ಕಡೆಯಿಂದ ನೋಡಿ: ಜೀವನವಿಡೀ ದುಡಿಮೆ, ಸ್ವಂತ ಒಲೆ ಇಲ್ಲ. ಹೊರಗೆ ಕೂಲಿ ಕೆಲಸ ಸಿಗತೊಡಗಿದ್ದೇ ತಡ, 20ನೇ ಶತಮಾನದ ಮೊದಲ ದಶಕಗಳಲ್ಲೇ ಈ ಪದ್ಧತಿ ಕರಗಿಹೋಯಿತು. ಜನ ಅದನ್ನು ಎಷ್ಟು ಪ್ರೀತಿಸುತ್ತಿದ್ದರು ಎಂಬುದು ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಮನೆ ಕಟ್ಟುವ ರೀತಿ. ಎರಡು ಕೈ ಜೋಡಿಸಿದಂತಿರುವ ಸೂರು, ಅದಕ್ಕೇ ಗಸ್ಸೊ ಮನೆ ಎಂದು ಹೆಸರು. ಇಳಿಜಾರು ಸುಮಾರು 60 ಡಿಗ್ರಿ. ತ್ರಿಕೋನ ಮುಖಗಳು ಉತ್ತರಕ್ಕೂ ದಕ್ಷಿಣಕ್ಕೂ, ಸೂರಿನ ಎರಡು ಮೈ ಪೂರ್ವಕ್ಕೂ ಪಶ್ಚಿಮಕ್ಕೂ. ಕಣಿವೆಯುದ್ದಕ್ಕೆ ಬೀಸುವ ಗಾಳಿಗೆ ಅಗಲದ ಮೈ ಸಿಗುವುದಿಲ್ಲ. ಬೆಳಗ್ಗೆ ಒಂದು ಮೈಗೆ, ಸಂಜೆ ಇನ್ನೊಂದು ಮೈಗೆ ಬಿಸಿಲು ಬಿದ್ದು ಹಿಮ ಎರಡೂ ಕಡೆ ಸಮನಾಗಿ ಕರಗುತ್ತದೆ, ಹುಲ್ಲು ಸಮನಾಗಿ ಒಣಗುತ್ತದೆ. ಸೂರಿನ ಚೌಕಟ್ಟಿನಲ್ಲಿ ಮೊಳೆ ಇಲ್ಲ. ಮನ್ಸಕು ಎಂಬ ಗಿಡದ ಹಸಿ ಬರಲನ್ನು ಹೊಸೆದು ಮೆತ್ತಗೆ ಮಾಡಿ ಮರಗಳನ್ನು ಕಟ್ಟುತ್ತಾರೆ. ಒಣಗಿದ ಹಾಗೆ ಅದು ಬಿಗಿಯುತ್ತಾ ಹೋಗುತ್ತದೆ. ಸೂರು ಹೊರುವ ಓರೆ ಮರಗಳ ಬುಡವನ್ನು ಪೆನ್ಸಿಲ್ಲಿನಂತೆ ಚೂಪು ಮಾಡಿ ತೊಲೆಯ ಕುಳಿಯಲ್ಲಿ ಸುಮ್ನೆ ಕೂರಿಸುತ್ತಾರೆ. ಬಿರುಗಾಳಿಗೆ, ಭೂಕಂಪಕ್ಕೆ ಚೌಕಟ್ಟು ಸ್ವಲ್ಪ ಅಲುಗುತ್ತದೆ, ಮುರಿಯುವುದಿಲ್ಲ.

ಒಳಗೆ ಹೋದಾಗ ತಲೆ ಎತ್ತಿ ಇನ್ನೊಂದು ನೋಡಿ. ಕೆಲವು ತೊಲೆಗಳು ಒಂದು ತುದಿಯಲ್ಲಿ ಬಿಲ್ಲಿನಂತೆ ಬಾಗಿರುತ್ತವೆ. ಬಡಗಿ ಬಗ್ಗಿಸಿದ್ದಲ್ಲ. ಇಳಿಜಾರಿನಲ್ಲಿ ಬೆಳೆವ ಎಳೆ ಮರವನ್ನು ವರ್ಷ ವರ್ಷವೂ ಹಿಮ ಒತ್ತುತ್ತದೆ, ಮರ ಮತ್ತೆ ನೆಟ್ಟಗೆ ಏಳುತ್ತದೆ, ಬುಡ ಮಾತ್ರ ಬಾಗಿಯೇ ಉಳಿಯುತ್ತದೆ. ಭಾರ ತಡೆಯಲು ಆ ಬಾಗು ಒಳ್ಳೆಯದೆಂದು ಹುಡುಕಿ ತರುತ್ತಿದ್ದರು. ಇರೊರಿಯ ಮೇಲೆ ಒಂದು ದೊಡ್ಡ ಹಲಗೆ ತೂಗುಹಾಕಿರುತ್ತದೆ. ಕಿಡಿ ಹುಲ್ಲಿಗೆ ಹಾರದಂತೆ ತಡೆಯುವುದಕ್ಕೆ, ಜೊತೆಗೆ ಕಾವು ಅಗಲಕ್ಕೆ ಹರಡುವುದಕ್ಕೆ. ಮರ, ಹಗ್ಗ, ಹುಲ್ಲು ಎಲ್ಲ ಹೊಗೆ ಹಿಡಿದು ಕರ್ರಗಾಗಿರುತ್ತದೆ. ಆ ಹೊಗೆಯೇ ಹುಳ ಹಿಡಿಯದಂತೆ ಕಾಯುತ್ತಿತ್ತು. ಈಗ ಬಹಳ ಮನೆಗಳಲ್ಲಿ ಒಲೆ ದಿನವೂ ಉರಿಯುವುದಿಲ್ಲ. ಹಾಗಾಗಿ ಐವತ್ತು ವರ್ಷ ಬರುತ್ತಿದ್ದ ಹುಲ್ಲು ಮೂವತ್ತಕ್ಕೇ ಮುದಿಯಾಗುತ್ತದೆ. 1935ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ವಾಸ್ತುಶಿಲ್ಪಿ ಬ್ರೂನೊ ಟೌಟ್ ಈ ಚೌಕಟ್ಟಿನ ಲೆಕ್ಕಾಚಾರಕ್ಕೆ ತಲೆದೂಗಿದ. ಹೊರಗಿನವರ ಗಮನ ಇತ್ತ ಬೀಳಲು ಅವನ ಮಾತೂ ಒಂದು ಕಾರಣ.

ಹುಲ್ಲು ಹೊದಿಸುವುದು ಮುಯ್ಯಾಳಿನ ಕೆಲಸ. ಅವರು ಯುಇ ಅನ್ನುತ್ತಾರೆ. ನನ್ನ ಮನೆಗೆ ನೀನು ಬಾ, ನಿನ್ನ ಮನೆಗೆ ನಾನು ಬರುತ್ತೇನೆ. ಆದರೆ ಬಾಯಿಮಾತಲ್ಲ. ಯಾರ ಮನೆಯಿಂದ ಎಷ್ಟು ಹೊರೆ ಹುಲ್ಲು, ಎಷ್ಟು ಹಗ್ಗ, ಎಷ್ಟು ಆಳು ಬಂತು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೂವತ್ತು ವರ್ಷದ ಮೇಲೆ ಮೊಮ್ಮಗ ಆ ಪುಟ ತೆರೆದು ಲೆಕ್ಕ ತೀರಿಸಬೇಕು. ಸೂರಿನ ಒಂದು ಮೈಯನ್ನು ನೂರು ಇನ್ನೂರು ಜನ ಸೇರಿ ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಹೊರಗಿದ್ದವ ಉದ್ದನೆಯ ಮರದ ಸೂಜಿಯಲ್ಲಿ ಹಗ್ಗ ಪೋಣಿಸಿ ಹುಲ್ಲಿನೊಳಗೆ ಚುಚ್ಚುತ್ತಾನೆ. ಒಳಗೆ ಅಟ್ಟದಲ್ಲಿ ಕೂತವರು ಹಗ್ಗವನ್ನು ಮರಕ್ಕೆ ಸುತ್ತಿ ಮತ್ತೆ ಹೊರಗೆ ಕಳಿಸುತ್ತಾರೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೂಗಿ ಹೇಳಬೇಕು. ಹೆಂಗಸರದು ಅಡಿಗೆ, ಹುಲ್ಲು ಹೊರುವುದು, ಕೊನೆಗೆ ಕಸ ಬಳಿಯುವುದು. 2001ರಲ್ಲಿ ಐದು ಅಂತಸ್ತಿನ ನಗಾಸೆ ಮನೆಗೆ ಹೊದಿಸಿದಾಗ ಹೊರ ಊರಿನ ಸ್ವಯಂಸೇವಕರೂ ಸೇರಿ ನೂರಾರು ಜನ ಸೂರಿನ ಮೇಲಿದ್ದರು. ಈಗ ಮಾಮೂಲಿಗೆ ಹೆಚ್ಚಿನ ಮನೆಗಳನ್ನು ಕಸುಬಿನವರೇ ಹೊದಿಸುತ್ತಾರೆ. ಖರ್ಚು ಕೋಟಿ ಯೆನ್ ದಾಟುತ್ತದೆ, ಬಹುಪಾಲು ಸರ್ಕಾರದ ಸಹಾಯಧನ.

ಇಷ್ಟೆಲ್ಲ ಕಟ್ಟಿದ್ದು ಕುಸಿದದ್ದೂ ಹೊರಗಿನ ಮಾರುಕಟ್ಟೆಯಿಂದಲೇ. 19ನೇ ಶತಮಾನದ ಕೊನೆಗೆ ಚಿಲಿ ದೇಶದ ಅಗ್ಗದ ನೈಟ್ರೇಟ್ ಬಂತು, ನೆಲದಡಿಯ ಗುಂಡಿಗಳು ಮುಚ್ಚಿದವು. 1929ರ ಆರ್ಥಿಕ ಕುಸಿತ, ಆಮೇಲೆ ನೈಲಾನ್, ಯುದ್ಧ ಸೇರಿ ಅಟ್ಟದ ಹುಳುವನ್ನು ಮುಗಿಸಿದವು. ಎರಡೂ ಹೋದ ಮೇಲೆ ಉಳಿದದ್ದು ಅಡಿಗೆಮನೆಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು ದೊಡ್ಡ ಸೂರು.

ಮೇಲಿಂದ ಅಣೆಕಟ್ಟು. ಶೋ ನದಿಗೆ 131 ಮೀಟರ್ ಎತ್ತರದ ಮಿಬೊರೊ ಅಣೆಕಟ್ಟು 1961ರಲ್ಲಿ ಮುಗಿಯಿತು. ಇನ್ನೂರಕ್ಕೂ ಹೆಚ್ಚು ಕುಟುಂಬಗಳು ಏಳಬೇಕಾಯಿತು. ಸಾಗರದವರಿಗೆ ಮುಳುಗಡೆ ಅಂದರೇನು ಅಂತ ನಾನು ಹೇಳಬೇಕಿಲ್ಲ. ಮುಳುಗಲಿದ್ದ ಎರಡು ದೇವಸ್ಥಾನಗಳ ಅಂಗಳದಲ್ಲಿ 400 ವರ್ಷ ದಾಟಿದ ಒಂದೊಂದು ಚೆರ್ರಿ ಮರವಿತ್ತು. ಅಣೆಕಟ್ಟು ಕಟ್ಟಿಸಿದ ವಿದ್ಯುತ್ ಕಂಪನಿಯ ಮೊದಲ ಅಧ್ಯಕ್ಷರಾಗಿದ್ದ ತಕಾಸಾಕಿ ತತ್ಸುನೊಸುಕೆ ಅವನ್ನು ಉಳಿಸಲೇಬೇಕು ಎಂದು ಹಠ ಹಿಡಿದರು. 1960ರಲ್ಲಿ ಬುಡಸಮೇತ ಎಬ್ಬಿಸಿ ಮೇಲಿನ ದಂಡೆಗೆ ಸಾಗಿಸಿದರು. ಇಂದಿಗೂ ಹೂ ಬಿಡುತ್ತವೆ. ಮನೆಗಳಲ್ಲಿ ಕೆಲವು ಬಿಚ್ಚಿ ಬೇರೆ ಕಡೆ ಹೋದವು. ಯಾನೊಹರಾ ಮನೆ ಈಗ ಯೊಕೊಹಾಮಾದ ಸಾಂಕೆಯೆನ್ ಉದ್ಯಾನದಲ್ಲಿದೆ. ಇನ್ನು ಕೆಲವು ಪಟ್ಟಣದ ಹೋಟೆಲ್ಲುಗಳಾದವು. ಕಜುರಾ ಎಂಬ ಒಳಗಿನ ಹಳ್ಳಿಯವರು ಚಳಿಗಾಲದ ಒಂಟಿತನ ತಾಳಲಾರದೆ 1967ರಲ್ಲಿ ಊರಿಗೆ ಊರೇ ಬಿಟ್ಟು ಇಳಿದರು.

ಹೀಗೇ ಬಿಟ್ಟರೆ ಎಲ್ಲ ಮನೆ ಹೋಗುತ್ತದೆ ಎಂದು ಓಗಿಮಾಚಿಯವರಿಗೆ ಹೊಳೆದದ್ದು ಆಗ. 1971ರಲ್ಲಿ ಊರಿನವರೇ ಸಭೆ ಸೇರಿ ಮೂರು ಕಟ್ಟಳೆ ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಮನೆ ಮಾತ್ರ ಅಲ್ಲ, ಗದ್ದೆ, ಕಾಡಿಗೂ ಇದೇ. ಕಜುರಾದ ಮನೆಗಳನ್ನು ತಂದು ನದಿಯಾಚೆ ಬಯಲು ವಸ್ತುಸಂಗ್ರಹಾಲಯ ಮಾಡಿದರು. 1976ರಲ್ಲಿ ಸರ್ಕಾರದ ರಕ್ಷಣೆ, 1995ರ ಡಿಸೆಂಬರಿನಲ್ಲಿ ಓಗಿಮಾಚಿ, ಗೊಕಯಾಮದ ಐನೊಕುರ, ಸುಗನುಮ ಮೂರಕ್ಕೂ ವಿಶ್ವಪರಂಪರೆಯ ಪಟ್ಟ. ಕಾನೂನಿಗಿಂತ ಮೊದಲು ಊರಿನ ನಿಯಮ ಬಂತು ಎಂಬುದನ್ನು ಗಮನಿಸಿ. ಅನೇಕ ಕಡೆ ಇದು ತಿರುವುಮುರುವು.

ಕೊನೆಯ ಪ್ರಶ್ನೆ, ಜನ ಇದ್ದಾರಾ? ಇದ್ದಾರೆ. ಇಡೀ ಶಿರಕಾವಾ ಗ್ರಾಮದಲ್ಲಿ 1,500ರ ಆಸುಪಾಸು, ಓಗಿಮಾಚಿಯಲ್ಲಿ ಅದರ ಮೂರನೇ ಒಂದು ಪಾಲು. ವಾದಾ ಮನೆಯಂಥ ಪ್ರಸಿದ್ಧ ಮನೆಯಲ್ಲೂ ಮುಂದಿನ ಭಾಗಕ್ಕೆ ಟಿಕೆಟ್, ಹಿಂದೆ ಸಂಸಾರ. ಒಂದರಿಂದ ಒಂಬತ್ತನೇ ತರಗತಿವರೆಗೆ ಒಂದೇ ಶಾಲೆ ಇದೆ. ಅದರ ಮುಂದಿನ ತರಗತಿಗಳ ಹೈಸ್ಕೂಲು ಇಲ್ಲ. ಹದಿನೈದಾದ ಮಕ್ಕಳು ಹೊರಗೆ ಹೋಗುತ್ತಾರೆ, ಎಲ್ಲರೂ ವಾಪಸು ಬರುವುದಿಲ್ಲ. ಅಕ್ಕಪಕ್ಕದ ಗ್ರಾಮಗಳು 2005ರಲ್ಲಿ ತಕಯಾಮ ನಗರಕ್ಕೆ ಸೇರಿಕೊಂಡವು, ಶಿರಕಾವಾ ಒಪ್ಪಲಿಲ್ಲ. ಇನ್ನೊಂದು ದಿನಚರಿ ಬೆಂಕಿಯದು. ಊರಿನವರು ಸರದಿ ಮೇಲೆ ದಿನಕ್ಕೆ ಹಲವು ಸಲ ಬೀದಿ ಸುತ್ತಿ ‘ಬೆಂಕಿ ಜೋಪಾನ’ ಎಂದು ಎಚ್ಚರಿಸುತ್ತಾರೆ. ಗುಡ್ಡದ ಮೇಲೆ 600 ಟನ್ನಿನ ನೀರಿನ ತೊಟ್ಟಿ, ಊರಿನಲ್ಲಿ 59 ನೀರು ಫಿರಂಗಿಗಳು. ಕರೆಂಟು ಹೋದರೂ ನಡೆಯುವಂತೆ ಮೇಲಿನಿಂದ ಇಳಿಯುವ ನೀರಿನ ಒತ್ತಡವೇ ಸಾಕು. ಶರತ್ಕಾಲದಲ್ಲಿ ಒಮ್ಮೆ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಪರೀಕ್ಷೆ ಮಾಡುತ್ತಾರೆ. 2019ರ ನವೆಂಬರಿನಲ್ಲಿ ಪಾರ್ಕಿಂಗ್ ಜಾಗದ ಹತ್ತಿರ ಕೊಟ್ಟಿಗೆಗಳಿಗೆ ಬೆಂಕಿ ಬಿದ್ದಾಗ ಇವು ನಿಜವಾಗಿಯೇ ಕೆಲಸಕ್ಕೆ ಬಂದವು.

2008ರಲ್ಲಿ ಹೆದ್ದಾರಿ ಪೂರ್ತಿಯಾಯಿತು, ಅದರಲ್ಲಿ ಹತ್ತು ಕಿಲೋಮೀಟರಿಗೂ ಉದ್ದದ ಸುರಂಗ. ಆಮೇಲೆ ಪ್ರವಾಸಿಗರ ಪ್ರವಾಹ. ಕೋವಿಡ್‌ಗೆ ಮುಂಚೆ ವರ್ಷಕ್ಕೆ 17-18 ಲಕ್ಷ ಜನ ಬರುತ್ತಿದ್ದರು. ಬಾಗಿಲು ತೆರೆದಿದೆ ಅಂತ ಯಾರದೋ ಮನೆಗೆ ನುಗ್ಗುವವರು, ಒಣಹಾಕಿದ ಬಟ್ಟೆಯ ಫೋಟೊ ತೆಗೆಯುವವರು ಎಲ್ಲರೂ ಅದರಲ್ಲಿದ್ದಾರೆ. ಊರೊಳಗೆ ಹಗಲು ಹೊರಗಿನ ಕಾರಿಗೆ ತಡೆ ಇದೆ, ಬಯಲಲ್ಲಿ ಸಿಗರೇಟಿಗೂ ತಡೆ. ಜನವರಿ, ಫೆಬ್ರವರಿಯ ಕೆಲವು ಸಂಜೆ ಮನೆಗಳಿಗೆ ದೀಪ ಹಾಯಿಸುತ್ತಾರೆ. 2019ರಿಂದ ಅದಕ್ಕೆ ಮುಂಚೆಯೇ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ. ಸುಮ್ನೆ ಹೋದರೆ ವಾಪಸು ಕಳಿಸುತ್ತಾರೆ, ಮಗನಿಗೆ ಈಗಲೇ ಹೇಳಿಡಿ.

ನನ್ನನ್ನು ಕೇಳಿದರೆ ದೀಪದ ಸಂಜೆ ಬಿಡಿ. ನಗೋಯಾದಿಂದ ಓಗಿಮಾಚಿಗೆ ನೇರ ಬಸ್ಸಿದೆ. ಹಗಲು ಅಲ್ಲಿ ವಾದಾ ಮನೆಯ ಅಟ್ಟ ನೋಡಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗೊಕಯಾಮಕ್ಕೆ ಇಳಿದು ಐನೊಕುರದ ಯಾವುದಾದರೂ ಹುಲ್ಲುಮನೆಯಲ್ಲಿ ರಾತ್ರಿ ಉಳಿಯಿರಿ. ಅಲ್ಲಿ ಇಪ್ಪತ್ತರಷ್ಟೇ ಗಸ್ಸೊ ಮನೆಗಳು, ಗದ್ದಲ ಬಹಳ ಕಡಿಮೆ. ಪೆಟ್ಲುಪ್ಪಿನ ಗುಂಡಿ, ತೊಟ್ಟಿ, ಸೋಸುವ ಸಾಮಾನು ನೋಡಬೇಕಾದರೆ ಸುಗನುಮದಲ್ಲಿ ಅದಕ್ಕೆಂದೇ ಒಂದು ಪುಟ್ಟ ಸಂಗ್ರಹಾಲಯವಿದೆ, ಬೆಳಗ್ಗೆ ಅಲ್ಲಿಗೆ ಹೋಗಿ. ಅಟ್ಟದ ಏಣಿ ಕಡಿದು, ಮಂಡಿನೋವು ಇದ್ದರೆ ನಿಧಾನ. ಒಳಗೆ ಚಪ್ಪಲಿ ಬಿಟ್ಟೇ ಹೋಗಬೇಕು, ಹಲಗೆ ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಎರಡು ಜೊತೆ ದಪ್ಪ ಉಣ್ಣೆ ಕಾಲುಚೀಲ, ಹಿಮದಲ್ಲಿ ಜಾರದ ಬೂಟು ಮರೆಯದೆ ಇಟ್ಟುಕೊಳ್ಳಿ.